ಹಳೇ ಡೆಸ್ಕ್‌ಟಾಪು: ರಿಪೇರಿನಾ, ರಿಟೈರ್ಮೆಂಟಾ?

ಹಾಸ್ಟೆಲ್‌ನ ಒಂದೇ ರೂಮಲ್ಲಿ ನಾವು ನಾಲ್ಕು ಜನ. ಒಬ್ಬ ಶ್ರೀರಂಗಪಟ್ಟಣ, ಒಬ್ಬ ಪಾಂಡವಪುರ, ಒಬ್ಬ ಕೆ.ಆರ್. ಪೇಟೆ, ಒಬ್ಬ ನಾಗಮಂಗಲ. ಯಾರೂ ಯಾರನ್ನೂ ಹೆಸರಿಟ್ಟು ಕರೆಯಲ್ಲ, ಊರೇ ಹೆಸರು. "ಏ ನಾಗಮಂಗಲ, ಬಕೆಟ್ ಕೊಡ್ಲಾ" ಅಂದ್ರೆ ಇಡೀ ತಾಲೂಕೇ ಎದ್ದು ಬರುತ್ತೆ. ನಮಗೆಲ್ಲ ಇನ್ನೊಂದು ಸಮಾನ ಕಷ್ಟ ಇದೆ. ಮನೆಯವರ ಪ್ರಕಾರ ಇಂಜಿನಿಯರಿಂಗ್ ಓದೋನು ಅಂದ್ರೆ ಕಂಪ್ಯೂಟರ್ ರಿಪೇರಿ ಮಾಡೋನು. ಎರಡನೇ ವರ್ಷಕ್ಕೆ ಬಂದ್ರೂ ನಾವು ಕ್ಲಾಸಲ್ಲಿ ಒಂದು ಸ್ಕ್ರೂ ಬಿಚ್ಚಿಲ್ಲ ಅನ್ನೋದು ಅವರಿಗೆ ಗೊತ್ತಿಲ್ಲ.

ಈ ಸಂಕ್ರಾಂತಿ ರಜೆಗೆ ಮುಂಚೆ ಕೆ.ಆರ್. ಪೇಟೆಯವನ ಸೋದರಮಾವ ಫೋನ್ ಮಾಡಿದ್ರು. ತಾಲೂಕು ಆಫೀಸ್ ಕಡೆ ಅವರದೊಂದು ಜೆರಾಕ್ಸ್ ಅಂಗಡಿ. ಪಹಣಿ ಪ್ರಿಂಟು, ಅರ್ಜಿ ಹಾಕೋದು, ಲಗ್ನಪತ್ರಿಕೆ ಡಿಟಿಪಿ, ಎಲ್ಲಾ ಒಂದೇ ಕಂಪ್ಯೂಟರಲ್ಲಿ. ಅದು ಆನ್ ಆಗೋಕೆ ಏಳು ನಿಮಿಷ, ದಿನಕ್ಕೆರಡು ಸಲ ತಾನೇ ರೀಸ್ಟಾರ್ಟ್. ಒಬ್ಬ ಅಂಗಡಿಯವರು "ಇದು ಮುಗೀತು ಸಾರ್, ಹೊಸದು ತಗೊಳ್ಳಿ" ಅಂತ 42,000 ರೂಪಾಯಿ ಕೊಟೇಶನ್ ಬರೆದುಕೊಟ್ಟಿದ್ರು. ಮಾವನ ಹತ್ರ ಇದ್ದದ್ದು ಚೀಟಿ ಎತ್ತಿದ ದುಡ್ಡು, ಅದೂ ಮಗಳ ಕಾಲೇಜ್ ಫೀಸಿಗೆ ಅಂತ ಇಟ್ಟಿದ್ದು. "ಒಸಿ ಬಂದು ನೋಡ್ರಪ್ಪ, ಆಮೇಲೆ ಡಿಸೈಡ್ ಮಾಡಾನ" ಅಂದ್ರು.

ಹೋದ್ವಿ. ಹೋದವರೇ ಮೊದಲ ತಪ್ಪು ಮಾಡಿದ್ವಿ. ಮೆಷಿನ್ ಬಿಚ್ಚಿ ನೋಡಿದ್ರೆ ಐ3-3220 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್. "ಓ, ರ‍್ಯಾಮ್ ಕಮ್ಮಿ" ಅಂತ ನಾಲ್ಕೂ ಜನ ಡಾಕ್ಟರ ಥರ ತಲೆ ಆಡಿಸಿ, 600 ರೂಪಾಯಿಗೆ ಸೆಕೆಂಡ್‌ಹ್ಯಾಂಡ್ 4 ಜಿಬಿ ಡಿಡಿಆರ್3 ತಂದು ಹಾಕಿದ್ವಿ. ಏಳು ನಿಮಿಷ ಆಗ್ತಿದ್ದದ್ದು ಆರೂವರೆ ನಿಮಿಷ ಆಯ್ತು. ಮಾವ ಏನೂ ಅನ್ನಲಿಲ್ಲ, ಟೀ ತರಿಸಿಕೊಟ್ರು. ಅದೇ ಜಾಸ್ತಿ ನೋವಾಗಿದ್ದು.

ಆಮೇಲೆ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದ್ವಿ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದು, ಪರ್ಫಾರ್ಮೆನ್ಸ್ ಟ್ಯಾಬ್ ಓಪನ್ ಮಾಡಿ, ಅಂಗಡಿಯ ಮಾಮೂಲಿ ಕೆಲಸ ಶುರು ಮಾಡಿ ಸುಮ್ಮನೆ ನೋಡ್ತಾ ಕೂತ್ವಿ. ಪ್ರೊಸೆಸರ್ ಬಳಕೆ ನೂರಕ್ಕೆ ಇಪ್ಪತ್ತು. ರ‍್ಯಾಮ್ ಅರ್ಧ ಖಾಲಿ. ಡಿಸ್ಕ್ ಮಾತ್ರ ನೂರಕ್ಕೆ ನೂರು, ಇಳಿಯೋದೇ ಇಲ್ಲ. ಅಂದ್ರೆ ಪ್ರೊಸೆಸರ್ ಕೈಕಟ್ಟಿ ಕೂತಿದೆ, ಹಾರ್ಡ್ ಡಿಸ್ಕಿಂದ ಡೇಟಾ ಬರಲಿ ಅಂತ ಕಾಯ್ತಾ ಇದೆ.

ಯಾಕೆ ಹಿಂಗೆ? ಹಾರ್ಡ್ ಡಿಸ್ಕ್ ಒಳಗೆ ನಿಜವಾಗ್ಲೂ ತಟ್ಟೆ ತಿರುಗುತ್ತೆ, ನಿಮಿಷಕ್ಕೆ 7,200 ಸುತ್ತು. ಒಂದು ಸುತ್ತಿಗೆ 8 ಮಿಲಿಸೆಕೆಂಡ್ ಮೇಲೆ. ಬೇಕಾದ ಜಾಗಕ್ಕೆ ಸೂಜಿ ಹೋಗಬೇಕು, ಆ ಜಾಗ ಸೂಜಿ ಕೆಳಗೆ ಬರೋವರೆಗೆ ಕಾಯಬೇಕು. ಹಾಗಾಗಿ ಅಲ್ಲಲ್ಲಿ ಚೆಲ್ಲಿರೋ ಸಣ್ಣ ಸಣ್ಣ ಫೈಲುಗಳನ್ನ ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಸಲ ಮಾತ್ರ ಅದು ತಲುಪೋಕಾಗೋದು. ವಿಂಡೋಸ್ ಆನ್ ಆಗುವಾಗ ಬೇಕಾಗೋದು ಇಂಥ ಸಾವಿರಾರು ಸಣ್ಣ ಫೈಲುಗಳೇ. ಎಸ್‌ಎಸ್‌ಡಿಯಲ್ಲಿ ತಿರುಗೋ ಭಾಗವೇ ಇಲ್ಲ, ಅಗ್ಗದ್ದು ಕೂಡ ಸೆಕೆಂಡಿಗೆ ಹತ್ತಾರು ಸಾವಿರ ಸಲ ಓದುತ್ತೆ. ಜೆರಾಕ್ಸ್ ಅಂಗಡಿ ಭಾಷೇಲಿ ಹೇಳೋದಾದ್ರೆ, ಒಂದು ಗೋಡೌನಿಗೆ ಹೋಗಿ ಹುಡುಕಿ ತರೋದು, ಇನ್ನೊಂದು ಟೇಬಲ್ ಮೇಲಿಂದ ಎತ್ತಿಕೊಡೋದು.

2,200 ರೂಪಾಯಿಗೆ 256 ಜಿಬಿ ಎಸ್‌ಎಸ್‌ಡಿ ತಂದ್ವಿ. ಇಲ್ಲೊಂದು ಎಚ್ಚರಿಕೆ. ಚ್ಯೂಯಿಂಗ್ ಗಮ್ ಪಟ್ಟಿ ಥರ ಇರೋ ಎನ್‌ವಿಎಂಇ ಡ್ರೈವ್ ಇಂಥ ಹಳೇ ಬೋರ್ಡಿಗೆ ಕೂರಲ್ಲ. ಚಪ್ಪಟೆ ಡಬ್ಬಿ ಥರ ಇರೋ ಎರಡೂವರೆ ಇಂಚಿನ ಸಾಟಾ ಡ್ರೈವೇ ಬೇಕು. ಎಚ್61 ಬೋರ್ಡಿನ ಸಾಟಾ ಪೋರ್ಟು ಹಳೇ ಕಾಲದ್ದು, ಎಸ್‌ಎಸ್‌ಡಿಯ ವೇಗದ ಅರ್ಧ ಮಾತ್ರ ಸಿಗುತ್ತೆ. ಆದ್ರೂ ಪರವಾಗಿಲ್ಲ. ನಮಗೆ ಬೇಕಾಗಿದ್ದು ಹುಡುಕೋ ವೇಗ, ಸಾಗಿಸೋ ವೇಗ ಅಲ್ಲ. ಹಳೇ ಡಿಸ್ಕನ್ನ ಹಾಗೇ ಕ್ಲೋನ್ ಮಾಡಿದ್ವಿ. ಏಳು ನಿಮಿಷ ಹೋಗಿ ನಲವತ್ತು ಸೆಕೆಂಡಾಯ್ತು. ಮಾವ ಎರಡು ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ರು.

ತಾನೇ ರೀಸ್ಟಾರ್ಟ್ ಆಗೋದು ಬೇರೆ ಕಾಯಿಲೆ. ಎಸ್‌ಎಂಪಿಎಸ್ ಡಬ್ಬಿ, ಅಂದ್ರೆ ಕರೆಂಟ್ ಒಳಗೆ ಬರೋ ಜಾಗ, ಕ್ಯಾಬಿನೆಟ್ ಜೊತೆ ಫ್ರೀ ಬಂದಿದ್ದು. ಫ್ಯಾನಿನ ಜಾಲರಿಯಿಂದ ಟಾರ್ಚ್ ಬಿಟ್ಟು ನೋಡಿದ್ರೆ ಕೆಪಾಸಿಟರ್‌ಗಳ ತಲೆ ಪೂರಿ ಥರ ಉಬ್ಬಿತ್ತು. ನಮ್ಮ ಕಡೆ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಹೆಂಗೆ ಕುಣಿಯುತ್ತೆ ಅಂತ ಗೊತ್ತಲ್ಲ. ಹೊಸ ಎಸ್‌ಎಂಪಿಎಸ್‌ಗೆ 1,900 ರೂಪಾಯಿ. ದಯವಿಟ್ಟು ಆ ಡಬ್ಬೀನ ಮಾತ್ರ ಬಿಚ್ಚಿ ರಿಪೇರಿ ಮಾಡೋಕೆ ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತೆ.

ಇಷ್ಟಕ್ಕೆ ಕಥೆ ಮುಗೀತು ಅಂದ್ಕೊಂಡಿದ್ವಿ. ಮುಗಿಯಲಿಲ್ಲ, ಮತ್ತೆ ಅಂಗಡಿಗೆ ಬರ್ತೀವಿ. ಅದಕ್ಕೂ ಮುಂಚೆ ನಮ್ಮ ಉಳಿದ ಮನೆಗಳದ್ದು ಹೇಳಬೇಕು, ಯಾಕಂದ್ರೆ ಒಂದು ಮನೇಲಿ ಕಲಿತದ್ದು ಇನ್ನೊಂದು ಮನೇಲಿ ಉಪಯೋಗಕ್ಕೆ ಬಂತು.

ಪಾಂಡವಪುರದವನ ಮನೆ ಹತ್ರ ಆಲೆಮನೆ ಇದೆ. ಬೆಲ್ಲದ ವಾಸನೆ ಸ್ವರ್ಗ, ಆದ್ರೆ ಕಂಪ್ಯೂಟರಿಗೆ ನರಕ. ಆಲೆಮನೆ ಮಸಿ, ಅಡುಗೆಮನೆ ಎಣ್ಣೆ ಆವಿ, ಧೂಳು ಮೂರೂ ಸೇರಿ ಪ್ರೊಸೆಸರ್ ಮೇಲಿನ ಫ್ಯಾನಿಗೆ ಕಂಬಳಿ ಹೊದಿಸಿತ್ತು. ಅವನ ತಂಗಿ ಸೆಕೆಂಡ್ ಪಿಯುಸಿ, ಸಿಇಟಿ ಮತ್ತು ನೀಟ್ ಎರಡಕ್ಕೂ ಓದ್ತಾ ಇದಾಳೆ. ವೀಡಿಯೋ ಪಾಠ ಹತ್ತು ನಿಮಿಷ ಓಡಿದ ಮೇಲೆ ತಡವರಿಸುತ್ತೆ ಅನ್ನೋದು ಅವಳ ದೂರು. ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಕೆಡುತ್ತೆ ಅಂದ್ರೆ ಶಾಖದ ಮೇಲೆ ಅನುಮಾನ ಪಡಬೇಕು. ಬಿಸಿ ಜಾಸ್ತಿ ಆದ್ರೆ ಪ್ರೊಸೆಸರ್ ಸುಟ್ಟುಹೋಗದ ಹಾಗೆ ತನ್ನ ವೇಗ ತಾನೇ ಇಳಿಸ್ಕೊಳ್ಳುತ್ತೆ. ನೋಡಿದ್ರೆ 90 ಡಿಗ್ರಿ ದಾಟಿತ್ತು. ಪೇಂಟ್ ಬ್ರಷ್, ಒಣಬಟ್ಟೆ, ಹೊಸ ಥರ್ಮಲ್ ಪೇಸ್ಟ್. ಖರ್ಚು 150 ರೂಪಾಯಿ, ಬಿಸಿ 60ರ ಆಸುಪಾಸಿಗೆ ಇಳೀತು. ಇವರ ಮೆಷಿನ್‌ನ ಹಾರ್ಡ್ ಡಿಸ್ಕ್‌ಗೂ ಬದಲು ಎಸ್‌ಎಸ್‌ಡಿ ಹಾಕಿದ್ವಿ.

ಆದ್ರೆ ಅವಳು ಕೇಳಿದ ಪ್ರಶ್ನೆ ನಮ್ಮ ನಾಲ್ಕೂ ಜನಕ್ಕೆ ಹೊಳೆದಿರಲಿಲ್ಲ: "ಅಣ್ಣ, ವಿಂಡೋಸ್ 10 ಮುಗೀತು ಅಂತ ಮೆಸೇಜ್ ಬರ್ತಿದೆ, ಇದರಲ್ಲಿ ಓದಬಹುದಾ?"

ಇದೇ ಈ ವರ್ಷದ ದೊಡ್ಡ ಪ್ರಶ್ನೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸ್ತು. ಮೆಷಿನ್ ಅವತ್ತೇ ನಿಲ್ಲಲ್ಲ, ಮೊದಲಿನ ಹಾಗೇ ಓಡುತ್ತೆ. ಆದ್ರೆ ಹೊಸದಾಗಿ ಸಿಗೋ ಭದ್ರತೆಯ ತೂತುಗಳಿಗೆ ಮಾಮೂಲಿಯಾಗಿ ಬರ್ತಿದ್ದ ತೇಪೆ ಇನ್ನು ಬರಲ್ಲ. ಸರಿ, ವಿಂಡೋಸ್ 11 ಹಾಕೋಣ ಅಂದ್ರೆ ಅದು ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಕೇಳುತ್ತೆ, ಮತ್ತೆ ಇಂಟೆಲ್‌ನಲ್ಲಾದ್ರೆ ಹೆಚ್ಚುಕಮ್ಮಿ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ರೇ ಬೇಕು ಅನ್ನುತ್ತೆ. ಅಂದ್ರೆ ಸುಮಾರು 2018ಕ್ಕಿಂತ ಹಳೇ ಡೆಸ್ಕ್‌ಟಾಪುಗಳೆಲ್ಲ ಬಾಗಿಲ ಹೊರಗೆ. ಪಾಂಡವಪುರದ್ದು 4ನೇ ತಲೆಮಾರು, ಕೆ.ಆರ್. ಪೇಟೆದು 3ನೇದು. ನಾವು ಎಷ್ಟು ರ‍್ಯಾಮ್, ಎಷ್ಟು ಎಸ್‌ಎಸ್‌ಡಿ ಹಾಕಿದ್ರೂ ಈ ಬಾಗಿಲು ತೆಗೆಯಲ್ಲ.

ತಂಗಿಗೆ ದಾರಿ ಇತ್ತು. ಮನೆ ಬಳಕೆಯವರಿಗೆ ಮೈಕ್ರೋಸಾಫ್ಟ್ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡ್ತಿದೆ, 2026ರ ಅಕ್ಟೋಬರ್ 13ರವರೆಗೆ. ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ದುಡ್ಡು ಕೇಳಲ್ಲ. ಅವಳ ಪರೀಕ್ಷೆಗಳೆಲ್ಲ ಅದಕ್ಕೂ ಮುಂಚೆ ಮುಗಿಯುತ್ತೆ. ಅದಾದ ಮೇಲೆ ಅವಳು ಯಾವ ಕೋರ್ಸಿಗೆ ಹೋಗ್ತಾಳೋ ಅದಕ್ಕೆ ತಕ್ಕ ಲ್ಯಾಪ್‌ಟಾಪ್ ಬರುತ್ತೆ. ಹಾಗಾದ್ರೆ ಈ ಮೆಷಿನ್ ಇನ್ನೈದು ವರ್ಷ ಬದುಕಬೇಕಾಗಿಲ್ಲ, ಇನ್ನೊಂದು ಪರೀಕ್ಷೆ ಬದುಕಿದ್ರೆ ಸಾಕು. ಆಮೇಲೆ ಅದಕ್ಕೆ ಲಿನಕ್ಸ್ ಮಿಂಟ್ ಹಾಕಿ ಅಪ್ಪನಿಗೆ ಕೊಡೋದು ಅಂತ ಮಾತಾಗಿದೆ. ಮಿಂಟ್ 22ಕ್ಕೆ 2029ರವರೆಗೂ ಅಪ್‌ಡೇಟ್ ಇದೆ. ಅದರಲ್ಲಿ ಕನ್ನಡ ಕ.ಗ.ಪ. ಕೀಲಿಮಣೆ ಆಯ್ಕೆ ಮೊದಲೇ ಇರುತ್ತೆ, ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. (ಈ ಲೇಖನ ಟೈಪ್ ಮಾಡಿದ್ದೂ ಅದರಲ್ಲೇ. ಸ್ಪೆಲ್ಲಿಂಗ್ ಮಿಸ್ಟೇಕ್ ಮಾತ್ರ ನಮ್ಮವು, ಲಿನಕ್ಸ್‌ದಲ್ಲ.)

ನಾಗಮಂಗಲದವನದ್ದು ನಗೆಪಾಟಲು. 2018ರ ರೈಜೆನ್ 5 2600 ಮೆಷಿನ್ "ನಿಮ್ಮ ಪಿಸಿ ವಿಂಡೋಸ್ 11ಕ್ಕೆ ಅರ್ಹವಲ್ಲ" ಅಂತಿತ್ತು, ಅವನು ಅದನ್ನ ಮಾರೋಕೆ ಫೋಟೋ ಕೂಡ ತೆಗೆದಿಟ್ಟಿದ್ದ. ಆ ಪ್ರೊಸೆಸರ್ ಪಟ್ಟಿಯಲ್ಲಿದೆ. ಟಿಪಿಎಂ ಪ್ರೊಸೆಸರ್ ಒಳಗೇ ಇದೆ, ಬಯೋಸ್‌ನಲ್ಲಿ ಆಫ್ ಆಗಿತ್ತು ಅಷ್ಟೆ. ಆನ್ ಮಾಡಿದ್ವಿ. ಖರ್ಚು ಸೊನ್ನೆ. ಅವತ್ತು ಊಟ ಅವನೇ ಕೊಡಿಸ್ದ.

ಶ್ರೀರಂಗಪಟ್ಟಣದ್ದು ಇದಕ್ಕೆ ಪೂರ್ತಿ ಉಲ್ಟಾ. ಕೋಟೆ ಒಳಗಿನ ಮನೇಲಿ, ಹಾಸು ಹೊದಿಸಿಟ್ಟ ಕೋರ್ 2 ಡ್ಯುಯೋ. ಜಿ31 ಬೋರ್ಡು, ಡಿಡಿಆರ್2 ರ‍್ಯಾಮ್, ಹೆಚ್ಚು ಅಂದ್ರೆ 4 ಜಿಬಿ ಹಿಡಿಯುತ್ತೆ. ಅಡ್ಡದಾರೀಲಿ ವಿಂಡೋಸ್ 11 ಹಾಕ್ತೀವಿ ಅನ್ನೋರಿಗೂ ಇಲ್ಲಿ ದಾರಿ ಬಂದ್. 24ಎಚ್2 ಆವೃತ್ತಿಯಿಂದ ಈಚೆಗೆ ಬೇಕಾಗೋ ಕೆಲವು ಆದೇಶಗಳು ಆ ಪ್ರೊಸೆಸರಿಗೆ ಅರ್ಥವೇ ಆಗಲ್ಲ. ಇದಕ್ಕೆ ಒಂದು ರೂಪಾಯಿ ಹಾಕೋದೂ ದಂಡ. ಆದ್ರೆ ಗುಜರಿಗೆ ಹಾಕೋ ಮುಂಚೆ 160 ಜಿಬಿ ಡಿಸ್ಕ್ ಬಿಚ್ಚಿ, ಸಾಟಾದಿಂದ ಯುಎಸ್‌ಬಿಗೆ ಹೋಗೋ ಕೇಬಲ್ ಹಾಕಿ ನೋಡಿದ್ವಿ. ತೀರಿಕೊಂಡ ಅಜ್ಜಿ ಅರವತ್ತನೇ ವರ್ಷದ ಫೋಟೋಗಳು ಅದರಲ್ಲಿ ಮಾತ್ರ ಇದ್ವು, ಮನೆಯವರಿಗೇ ಮರೆತುಹೋಗಿತ್ತು. ನಿಮ್ಮನೇಲೂ ಇಂಥದ್ದಿದ್ರೆ ಬದಲಾಯಿಸೋದು ಬಿಡೋದು ಆಮೇಲೆ, ಈ ವಾರವೇ ಫೋಟೋ ಕಾಪಿ ಮಾಡ್ಕೊಳ್ಳಿ. ಹಾರ್ಡ್ ಡಿಸ್ಕ್ ಹೇಳದೆ ಕೇಳದೆ ಹೋಗುತ್ತೆ.

ಈಗ ಮತ್ತೆ ಕೆ.ಆರ್. ಪೇಟೆಗೆ.

ಅಂಗಡಿ ಮೆಷಿನ್ ಈಗ ಚುರುಕಾಗಿದೆ, ನಿಜ. ಮಾವ ಖುಷಿ. ಆದ್ರೆ ತಂಗಿಯ ಪ್ರಶ್ನೆ ಕೇಳಿದ ಮೇಲೆ ನಮಗೆ ಸಮಾಧಾನ ಇರಲಿಲ್ಲ. ಮನೆ ಕಂಪ್ಯೂಟರಿಗೆ ವೈರಸ್ ಬಂದ್ರೆ ಮನೆಯವರದ್ದು ಹೋಗುತ್ತೆ. ಈ ಮೆಷಿನ್‌ನಲ್ಲಿ ಹಳ್ಳಿಹಳ್ಳಿಯಿಂದ ಬರೋರ ಆಧಾರ್ ಸ್ಕ್ಯಾನು, ಬ್ಯಾಂಕ್ ಪಾಸ್‌ಬುಕ್ಕು, ಪಹಣಿ, ಓಟಿಪಿ ಎಲ್ಲಾ ಓಡಾಡುತ್ತೆ. ಜನ ಮೆಷಿನ್ ನೋಡಿ ಕೊಡಲ್ಲ, ಮಾವನ ಮುಖ ನೋಡಿ ಕೊಡ್ತಾರೆ. ಡೌನ್‌ಲೋಡ್ಸ್ ಫೋಲ್ಡರ್ ತೆಗೆದ್ರೆ ವರ್ಷಗಳಿಂದ ಡಿಲೀಟ್ ಮಾಡದ ಆಧಾರ್ ಪಿಡಿಎಫ್‌ಗಳು ಸಾಲುಸಾಲು. ತೇಪೆ ಬರದ ವಿಂಡೋಸ್ 10ರಲ್ಲಿ ಇದನ್ನ ನಡೆಸೋದು ಸರಿಯಲ್ಲ ಅಂತ ಹೇಳಲೇಬೇಕಾಯ್ತು. 42,000 ಕೊಟೇಶನ್ ಬರೆದವರ ಮಾತು, ಕಾರಣ ಬೇರೆ ಆದ್ರೂ, ಅರ್ಧ ಸರಿಯಾಗಿತ್ತು.

ಹಾಗಾದ್ರೆ ಹೊಸದು ತಗೊಂಡು ಹಳೇದು ಎಸೆಯೋದಾ? ಅಲ್ಲೇ ಇನ್ನೊಂದು ಗಂಟು. ಮಾವನ ಹನ್ನೊಂದು ವರ್ಷದ ಲಗ್ನಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡುಗಳೆಲ್ಲ ಪೇಜ್‌ಮೇಕರ್‌ನಲ್ಲಿ, ನುಡಿ ಫಾಂಟಲ್ಲಿ ಇವೆ. ನುಡಿ ಕನ್ನಡ ಗಣಕ ಪರಿಷತ್ತಿನ ತಂತ್ರಾಂಶ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನ ಆಧರಿಸಿದ್ದು. ಕರ್ನಾಟಕದಲ್ಲಿ ಇದು ಕಾಣದ ಡಿಟಿಪಿ ಅಂಗಡಿ ಇಲ್ಲ ಅನ್ನಬಹುದು. ಆದ್ರೆ ಹಳೇ ನುಡಿ ಫೈಲುಗಳು ಯುನಿಕೋಡ್ ಅಲ್ಲ. ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವೇ ಇರುತ್ತೆ, ಅದರ ಮೇಲೆ ಫಾಂಟು ಕನ್ನಡದ ವೇಷ ಹಾಕುತ್ತೆ. ಫಾಂಟ್ ಇಲ್ಲದ ಮೆಷಿನ್‌ನಲ್ಲಿ ತೆಗೆದ್ರೆ ವೇಷ ಕಳಚಿ, ಚುಕ್ಕೆ ಕೊಂಬು ಇರೋ ವಿದೇಶಿ ಅಕ್ಷರಗಳ ರಾಶಿ ಕಾಣುತ್ತೆ. ಇನ್ನು ಪೇಜ್‌ಮೇಕರ್‌ನ ಕೊನೇ ಆವೃತ್ತಿ ಬಂದಿದ್ದೇ 2001ರಲ್ಲಿ, ಅದಕ್ಕೆ ಯುನಿಕೋಡ್ ಗೊತ್ತೇ ಇಲ್ಲ. ಮದುವೆ ಸೀಸನ್‌ನಲ್ಲಿ "ಅಣ್ಣನ ಮದುವೆದೇ ಡಿಸೈನ್ ಹಾಕ್ಕೊಡಿ" ಅಂತ ಬರೋರೇ ಜಾಸ್ತಿ. ಹಳೇ ಫೈಲ್ ತೆಗೆಯೋಕಾಗಲ್ಲ ಅಂದ್ರೆ ಆ ಗಿರಾಕಿ ಪಕ್ಕದ ಅಂಗಡಿಗೆ. ಮಾವ ಆ ರೀಸ್ಟಾರ್ಟ್‌ಗಳನ್ನೆಲ್ಲ ಸಹಿಸ್ಕೊಂಡು ಹಳೇದನ್ನೇ ಹಿಡ್ಕೊಂಡಿದ್ದಕ್ಕೆ ಜಿಪುಣತನ ಕಾರಣ ಅಂತ ನಾವು ಅಂದ್ಕೊಂಡಿದ್ವಿ. ತಪ್ಪು ನಮ್ಮದೇ.

ರಾತ್ರಿ ಕೂತು ಒಂದು ಹಾಳೆ ಮೇಲೆ ಲೆಕ್ಕ ಹಾಕಿದ್ವಿ. ಲೆಕ್ಕ ಹಾಕುವಾಗ ನಮಗೆ ಸಹಾಯ ಮಾಡಿದ ಪ್ರಶ್ನೆ ಒಂದೇ: ಈಗ ಹಾಕೋ ದುಡ್ಡು ಮುಂದಿನ ಮೆಷಿನ್‌ಗೂ ಬರುತ್ತಾ? ಎಸ್‌ಎಸ್‌ಡಿ ಬರುತ್ತೆ. ಮಾನಿಟರ್, ಕೀಬೋರ್ಡ್, ಪ್ರಿಂಟರ್, ಯುಪಿಎಸ್ ಬರುತ್ತೆ. ಡಿಡಿಆರ್3 ರ‍್ಯಾಮ್ ಬರಲ್ಲ, ಡಿಡಿಆರ್4 ಜಾಗದಲ್ಲಿ ಅದು ಕೂರೋದೇ ಇಲ್ಲ. ಹಳೇ ಸಾಕೆಟ್ಟಿನ ಪ್ರೊಸೆಸರ್ ಬರಲ್ಲ. ಮದರ್‌ಬೋರ್ಡ್ ಬದಲಾಯಿಸೋದು ಅಂದ್ರೆ ಪ್ರೊಸೆಸರ್, ರ‍್ಯಾಮ್ ಎರಡೂ ಬದಲಾಯಿಸಬೇಕು. ಅದು ಅಪ್‌ಗ್ರೇಡ್ ಅಲ್ಲ, ಹಳೇ ಡಬ್ಬಿಯೊಳಗೆ ಹೊಸ ಕಂಪ್ಯೂಟರ್. ಬರದೇ ಇರೋ ಭಾಗಗಳಿಗೆ ಹೆಚ್ಚು ದುಡ್ಡು ಹೋಗ್ತಿದೆ ಅಂದ ಕೂಡಲೇ ಕೈ ನಿಲ್ಲಿಸಬೇಕು.

ಹೊಸ ಮೆಷಿನ್ ಕೊಳ್ಳೋಕೂ ಇದು ಒಳ್ಳೇ ಕಾಲ ಅಲ್ಲ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್‌ಗಳನ್ನ ಗೋಣಿಚೀಲ ಹಿಡ್ಕೊಂಡು ತಗೊಳ್ತಾ ಇರೋದ್ರಿಂದ 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿಬಿಟ್ಟಿದೆ. ಪ್ರಪಂಚದ ರ‍್ಯಾಮ್ ಚಿಪ್‌ಗಳಲ್ಲಿ ಬಹುಪಾಲು ಮಾಡೋದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಅನ್ನೋ ಮೂರೇ ಕಂಪನಿ. ಅದರಲ್ಲಿ ಮೈಕ್ರಾನ್, ನಮ್ಮಂಥ ಜನ ಕೊಳ್ಳೋ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸ್ತೀವಿ ಅಂತ ಡಿಸೆಂಬರ್‌ನಲ್ಲಿ ಹೇಳಿತು. ಎಲ್ಲೋ ಅಮೆರಿಕದ ಡೇಟಾ ಸೆಂಟರಿಗೂ ಕೆ.ಆರ್. ಪೇಟೆ ಜೆರಾಕ್ಸ್ ಅಂಗಡಿಗೂ ಏನ್ ಸಂಬಂಧ ಅಂದ್ರೆ, ಇದೇ.

ಹಾಗಾಗಿ ಮಧ್ಯದ ದಾರಿ ಹಿಡಿದ್ವಿ. ಬೆಂಗಳೂರಿನ ಆಫೀಸುಗಳು ಕೆಲವು ವರ್ಷಕ್ಕೊಮ್ಮೆ ತಮ್ಮ ಡೆಸ್ಕ್‌ಟಾಪ್ ಬದಲಾಯಿಸ್ತಾವೆ. ಆ ಮೆಷಿನ್‌ಗಳು ರಿಫರ್ಬಿಶ್ಡ್ ಅಂತ ಎಸ್.ಪಿ. ರೋಡಿಗೆ ಬರುತ್ತೆ. ಅಲ್ಲಿ ಐ5-8500, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇರೋದು 14,500ಕ್ಕೆ ಸಿಕ್ತು. ರ‍್ಯಾಮ್ ಒಳಗೇ ಬಂತು ಅನ್ನೋದೇ ಈಗಿನ ಕಾಲಕ್ಕೆ ಲಾಭ.

ಕೊಳ್ಳುವಾಗ ಸುಮ್ಮನೆ "ಐ7 ಇದೆ ಬಾಸ್" ಅಂದ್ರೆ ನಂಬಬೇಡಿ, ಎಷ್ಟನೇ ತಲೆಮಾರು ಅಂತ ಕೇಳಿ. ಅಡ್ಡಗೆರೆ ಆದ ಮೇಲಿನ ಸಂಖ್ಯೆ ನೋಡಿ: ಐ5-8500 ಅಂದ್ರೆ 8ನೇದು, ಐ5-12400 ಅಂದ್ರೆ 12ನೇದು, ಐ7-2600 ಅಂದ್ರೆ 2ನೇದು. ಆ ಐ7ಗೆ ವಿಂಡೋಸ್ 11 ಬಾಗಿಲು ತೆಗೆಯಲ್ಲ, ಈ ಐ5ಗೆ ತೆಗೆಯುತ್ತೆ. ಆನ್ ಮಾಡಿಸಿ, ವಿಂಡೋಸ್ ಆಕ್ಟಿವೇಟ್ ಆಗಿದೆಯಾ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಇನ್ನೊಂದು, ಹಿಂದಿನ ಪೋರ್ಟ್ ನೋಡಿ. ನಾವು ನೋಡಲಿಲ್ಲ. ಮಾವನ ಮಾನಿಟರಿಗಿದ್ದದ್ದು ಹಳೇ ನೀಲಿ ವಿಜಿಎ ಕೇಬಲ್ ಮಾತ್ರ, ಮೆಷಿನ್‌ಗಿದ್ದದ್ದು ಡಿಸ್‌ಪ್ಲೇಪೋರ್ಟ್ ಮಾತ್ರ. ಬೆಂಗಳೂರಿಂದ ಬಸ್ಸಲ್ಲಿ ತೊಡೆ ಮೇಲಿಟ್ಕೊಂಡು ತಂದ ಮೆಷಿನ್ 350 ರೂಪಾಯಿ ಅಡಾಪ್ಟರ್ ಬರೋವರೆಗೆ ಎರಡು ದಿನ ಸುಮ್ಮನೆ ಕೂತಿತ್ತು.

ಈಗ ಅಂಗಡೀಲಿ ಎರಡು ಮೆಷಿನ್. ಅರ್ಜಿ, ಪಹಣಿ, ಆಧಾರ್, ಓಟಿಪಿ ಎಲ್ಲಾ ಹೊಸದರಲ್ಲಿ, ವಿಂಡೋಸ್ 11 ಮೇಲೆ. ಡೌನ್‌ಲೋಡ್ಸ್ ಫೋಲ್ಡರನ್ನ ದಿನಾ ರಾತ್ರಿ ಖಾಲಿ ಮಾಡೋ ಅಭ್ಯಾಸ ಮಾವನಿಗೆ ಆಗ್ತಾ ಇದೆ. ಹಳೇದರಿಂದ ಇಂಟರ್ನೆಟ್ ಕೇಬಲ್ ಕಿತ್ತುಬಿಟ್ವಿ, ಅದು ಬರೀ ಪೇಜ್‌ಮೇಕರ್ ಮತ್ತು ನುಡಿಗೆ. ಕಾರ್ಡ್ ರೆಡಿಯಾದ ಮೇಲೆ ಪಿಡಿಎಫ್ ಮಾಡಿ ಅದಕ್ಕೆ ಅಂತಲೇ ಇಟ್ಟಿರೋ ಒಂದು ಪೆನ್‌ಡ್ರೈವಲ್ಲಿ ಈ ಕಡೆ ತರ್ತಾರೆ. ಗಿರಾಕಿಗಳ ಪೆನ್‌ಡ್ರೈವ್ ಹಳೇದಕ್ಕೆ ಹಾಕಬಾರದು ಅಂತ ಮಾನಿಟರ್ ಮೇಲೆ ಚೀಟಿ ಅಂಟಿಸಿದೀವಿ. ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಮೆಷಿನ್, ಅಡಾಪ್ಟರ್ ಎಲ್ಲಾ ಸೇರಿ 19,550 ರೂಪಾಯಿ. ಅದರಲ್ಲಿ ರ‍್ಯಾಮಿನ 600 ನಮ್ಮ ಟ್ಯೂಷನ್ ಫೀಸು. ಚೀಟಿ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಉಳೀತು, ಮಗಳ ಅಡ್ಮಿಷನ್‌ಗೆ ಅದು ಬೇಕು.

ಉಳಿದಿರೋ ಕೆಲಸ ಒಂದು. ಹಳೇ ಮೆಷಿನ್ ಯಾವತ್ತೋ ಒಂದು ದಿನ ನಿಜವಾಗ್ಲೂ ನಿಲ್ಲುತ್ತೆ, ಅಷ್ಟರಲ್ಲಿ ಆ ಫೈಲುಗಳು ಯುನಿಕೋಡಿಗೆ ಬರಬೇಕು. ಕನ್ವರ್ಟರ್‌ಗಳಿವೆ, ಆದ್ರೆ ಅರ್ಕಾವತ್ತು ಬಂದ ಕಡೆ ಎಡವುತ್ತವೆ, ಒತ್ತಕ್ಷರ ಕೆಲವು ಸಲ ಅದಲುಬದಲು. ಲಗ್ನಪತ್ರಿಕೇಲಿ "ಮುಹೂರ್ತ" ತಪ್ಪಾದ್ರೆ ಯಾರು ಬಿಡ್ತಾರೆ? ಹಾಗಾಗಿ ಭಾನುವಾರಕ್ಕೆ ಹತ್ತು ಫೈಲಿನಂತೆ ಕೂತು ಕಣ್ಣಲ್ಲೇ ತಿದ್ದುತಾ ಇದೀವಿ. ಹೋದ ವಾರಕ್ಕೆ ನಲವತ್ತಾಯ್ತು. ಮಾವ ಲೆಕ್ಕ ಇಟ್ಕೊಂಡಿದಾರೆ, ಇನ್ನೂ ಇನ್ನೂರರವತ್ತು ಇದೆಯಂತೆ.